ಬೋರ್‌ವೆಲ್ ಸ್ಟಾರ್ಟರ್‌ಗೆ ಗ್ರೈಂಡರ್ ಕಟ್ಟಿದ್ದು

"ಗ್ರೈಂಡರ್‌ಗೆ ಸ್ಟಾರ್ಟರಾ? ನಾಳೆ ಫ್ಯಾನಿಗೂ ಒಂದು ಕಟ್ಟಲೇ!" ಅಂತ ಪಕ್ಕದ ಲೇತ್ ಅಂಗಡಿಯವರು ನಕ್ಕಿದ್ದರು. ಸ್ಟಾರ್ಟರ್ ಅಂದ್ರೆ ಬೋರ್‌ವೆಲ್ ಪಂಪ್ ಶುರು ಮಾಡೋ, ನಿಲ್ಲಿಸೋ ಹಸಿರು-ಕೆಂಪು ಬಟನ್ನಿನ ಬಾಕ್ಸ್. ಈಗ ಅವರ ಅಂಗಡಿಯಲ್ಲೂ ಅದೇ ಬಾಕ್ಸ್ ನೇತಾಡುತ್ತಿದೆ. ಕಟ್ಟಿಕೊಟ್ಟವನು ನಾನೇ.

ನನ್ನದು ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಪಕ್ಕ ಫ್ಯಾಬ್ರಿಕೇಶನ್ ಕೆಲಸ. ಗೇಟು, ಗ್ರಿಲ್ಲು, ಮೆಕ್ಕೆಜೋಳ ಇಡೋ ಶೆಡ್ಡು. ಒಂದು 14 ಇಂಚಿನ ಕಟ್ಟಿಂಗ್ ಮೆಷಿನ್, ಮೂರು 4 ಇಂಚಿನ ಹ್ಯಾಂಡ್ ಗ್ರೈಂಡರ್. ಗಾರ್ಡ್, ಕನ್ನಡಕ, ಲೆದರ್ ಗ್ಲೌಸ್ ಬಗ್ಗೆ ನಿಮಗೆ ಹೊಸದಾಗಿ ಹೇಳಲ್ಲ.

ಒಂದು ಮಧ್ಯಾಹ್ನ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಕತ್ತರಿಸುತ್ತಿದ್ದಾಗ ಕರೆಂಟ್ ಹೋಯಿತು. ಹೆಲ್ಪರ್ ಹುಡುಗ ಗ್ರೈಂಡರನ್ನು ಹಾಗೇ ಟೇಬಲ್ ಮೇಲಿಟ್ಟು ಮಂಡಕ್ಕಿ, ಮಿರ್ಚಿ ತರೋಕೆ ಹೋದ. ಸ್ವಿಚ್ ಮುಂದಕ್ಕೆ ತಳ್ಳಿದ್ದು ಹಾಗೇ ಆನ್ ಆಗೇ ಕೂತಿತ್ತು. ನಾನು ಪಕ್ಕದಲ್ಲಿ ಬಗ್ಗಿ ಗುರುತು ಹಾಕುತ್ತಿದ್ದೆ. ಕರೆಂಟ್ ಬಂತು. ನಿಮಿಷಕ್ಕೆ 11,000 ಸುತ್ತಿನ ಮೆಷಿನ್ ಟೇಬಲ್ ಮೇಲಿಂದ ಎಗರಿ ನನ್ನ ಎಡಗೈ ಸವರಿಕೊಂಡು ಹೋಗಿ ತನ್ನ ವೈರನ್ನು ತಾನೇ ಕತ್ತರಿಸಿಕೊಂಡು ನಿಂತಿತು. ಆರೋ ಏಳೋ ಹೊಲಿಗೆ. ಆಸ್ಪತ್ರೆ, ಔಷಧಿ ಸೇರಿ ಮೂರು ಸಾವಿರ ಚಿಲ್ಲರೆ. ಅದಕ್ಕಿಂತ ಜಾಸ್ತಿ ಹೊಡೆತ ಅಂದ್ರೆ ಹತ್ತು ದಿನ ಕೆಲಸ ನಿಂತಿದ್ದು. ಜಗಳೂರು ಕಡೆಯ ಒಂದು ಶೆಡ್ ತಡವಾಯಿತು, ಅವರು ಐದು ಸಾವಿರ ಹಿಡಿದುಕೊಂಡರು.

ಮೊದಲು "ಕರೆಂಟ್ ಹೋದ ತಕ್ಷಣ ಪ್ಲಗ್ ಕೀಳ್ರಪ್ಪಾ" ಅಂದೆ. ನಾಲ್ಕು ದಿನ ನಡೆಯಿತು. ಗೋಡೆ ಮೇಲೆ ಬರೆಸಿದೆ. ಯಾರೋ ಅದರ ಕೆಳಗೆ ಚಾ ಲೆಕ್ಕ ಬರೆದರು. ಆಮೇಲೆ ಕೈ ಬಿಟ್ಟರೆ ನಿಲ್ಲುವ ಪ್ಯಾಡಲ್ ಸ್ವಿಚ್ಚಿನ ಗ್ರೈಂಡರ್ ತಂದೆ, ಸಾವಿರದೈನೂರು ಜಾಸ್ತಿ ಕೊಟ್ಟು. ವಾರದೊಳಗೆ ಹುಡುಗರು ಸೈಕಲ್ ಟ್ಯೂಬಿನ ತುಂಡು ಸುತ್ತಿ ಆ ಸ್ವಿಚ್ಚನ್ನು ಒತ್ತಿ ಕಟ್ಟಿಬಿಟ್ಟರು. "ಬೆರಳು ನೋಯುತ್ತಣ್ಣ" ಅಂತ.

ಉಪಾಯ ಸಿಕ್ಕಿದ್ದು ಚನ್ನಗಿರಿ ಹತ್ತಿರ ನಮ್ಮ ಮಾವನ ಅಡಿಕೆ ತೋಟದಲ್ಲಿ. ಕರೆಂಟ್ ಹೋಗಿ ಬಂದಾಗಲೆಲ್ಲ ಪಂಪ್ ತಾನಾಗಿ ಶುರುವಾಗಲ್ಲ, ಮತ್ತೆ ಹಸಿರು ಬಟನ್ ಒತ್ತಬೇಕು ಅಂತ ಮಾವ ಬೈಯುತ್ತಿದ್ದರು. "ಅಳಿಯಂದ್ರೆ, ಒಂದು ಆಟೋ ಹಾಕಿಸಿಕೊಡ್ರಿ" ಅಂದರು. ಕರೆಂಟ್ ಬಂದ ಕೂಡಲೇ ಪಂಪನ್ನು ತಾನೇ ಶುರು ಮಾಡೋ ಸ್ವಿಚ್ಚು ಅದು. ಅವರಿಗೆ ಬೇಡವಾಗಿದ್ದೇ ನನಗೆ ಬೇಕಾಗಿತ್ತಲ್ವಾ! ಸ್ಟಾರ್ಟರಿನೊಳಗೆ ಕಾಯಿಲ್ ಇರುತ್ತೆ, ಕರೆಂಟ್ ಇರೋವರೆಗೆ ಅಯಸ್ಕಾಂತದಂತೆ ಸ್ವಿಚ್ಚನ್ನು ಹಿಡಿದಿಡೋ ತಂತಿ ಸುರುಳಿ. ಕರೆಂಟ್ ಹೋದರೆ ಅದು ಕೈಬಿಡುತ್ತದೆ. ಯಾರಾದರೂ ಬಟನ್ ಒತ್ತುವವರೆಗೆ ಮತ್ತೆ ಹಿಡಿಯಲ್ಲ.

ಗುಜರಿಯಲ್ಲಿ ಆರುನೂರಕ್ಕೆ ಒಂದು ತಂದೆ. ಬಟನ್ ಒತ್ತಿದರೆ ಗಡಗಡ ನಡುಗುತ್ತೆ, ಹಿಡಿಯಲ್ಲ. ಅರ್ಧ ದಿನ ಒದ್ದಾಡಿದ ಮೇಲೆ ನೋಡಿದೆ, ಅದು ತ್ರೀ ಫೇಸ್ ಪಂಪಿನದು, ಕಾಯಿಲ್ 415 ವೋಲ್ಟಿನದು. ನನ್ನ ಪ್ಲಗ್ಗಲ್ಲಿ ಇರೋದು 230. ಲೇತ್ ಅಂಗಡಿಯವರು ನಕ್ಕಿದ್ದು ಆವತ್ತೇ. ಕಾಯಿಲ್ ಬದಲಾಯಿಸಿದೆ, ಹಿಡಿಯಿತು. ಆದರೆ ಸ್ವಲ್ಪ ಲೋಡ್ ಬಿದ್ದರೆ ರಿಲೇ (ಮೋಟಾರ್ ಸುಡದಂತೆ ಕರೆಂಟ್ ಬಂದ್ ಮಾಡೋ ಭಾಗ) ಟ್ರಿಪ್. ತ್ರೀ ಫೇಸಿನ ರಿಲೇ ಒಂದೇ ಫೇಸಲ್ಲಿ ಓಡಿದರೆ ಹಾಗೇ ಅನುಮಾನ ಪಡುತ್ತೆ. ಅದನ್ನು ಹೇಗೆ ಸಮಾಧಾನ ಮಾಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಒಳ್ಳೆ ಎಲೆಕ್ಟ್ರಿಷಿಯನ್‌ಗೆ ಎರಡು ತುಂಡು ವೈರಿನ ಕೆಲಸ ಅದು.

ಮೊದಲು ಎಲ್ಲಾ ಮೆಷಿನ್‌ಗೂ ಒಂದೇ ಬಾಕ್ಸ್ ಕೊಟ್ಟಿದ್ದೆ. ಒಬ್ಬ ನಿಲ್ಲಿಸಿದರೆ ಎಲ್ಲರದೂ ಬಂದ್. ದಿನವಿಡೀ ಜಗಳ. ಆಮೇಲೆ 230 ಕಾಯಿಲಿನ ಹೊಸ ಮಾಲು ತಂದು ಟೇಬಲ್ಲಿಗೊಂದರಂತೆ ಮೂರು ಬಾಕ್ಸ್ ಮಾಡಿದೆ. ಒಂದಕ್ಕೆ ಸಾವಿರದ ಒಂಬೈನೂರೋ ಎರಡು ಸಾವಿರವೋ ಬಿತ್ತು. ಕೆಂಪು ಬಟನ್ ಅಣಬೆ ತರದ್ದು, ಮೊಣಕಾಲಿಗೆ ತಾಗುವ ಎತ್ತರದಲ್ಲಿ ಇಟ್ಟಿದ್ದೇನೆ. ವೀಲ್ (ಕತ್ತರಿಸೋ ಬಿಲ್ಲೆ) ಸಿಕ್ಕಿಕೊಂಡಾಗ ಎರಡೂ ಕೈ ಮೆಷಿನ್ ಮೇಲೇ ಇರುತ್ತವೆ, ಬಟನ್ ಒತ್ತೋಕೆ ಮೂರನೇ ಕೈ ಎಲ್ಲಿಂದ ಬರಬೇಕು? ಒತ್ತಿದ ಮೇಲೂ 14 ಇಂಚಿನ ವೀಲ್ ಸುಮಾರು ಹೊತ್ತು ಸುತ್ತುತ್ತಲೇ ಇರುತ್ತೆ, ಅದು ನೆನಪಿರಲಿ.

ವೀಲ್ ಒಡೆಯೋದು ಇನ್ನೊಂದು ಕಥೆ. ತಿಂಗಳಿಗೆ ಹದಿನಾಲ್ಕು ಹದಿನೈದು ದೊಡ್ಡ ವೀಲ್ ತಂದರೆ ಮೂರು ನಾಲ್ಕು ಸವೆಯದೇ ಚೂರಾಗುತ್ತಿದ್ದವು. ಒಂದಕ್ಕೆ ನೂರೈವತ್ತರ ಮೇಲೆ. ಮಾಲು ಕಳಪೆ ಅಂತ ಅಂಗಡಿಯವನ ಹತ್ತಿರ ಜಗಳ ಆಡಿದೆ. ತಪ್ಪು ನನ್ನ ಸ್ಟ್ಯಾಂಡಿನದು. 20 ಅಡಿ ಪೈಪಿನ ಒಂದು ಕಡೆ ಮೆಷಿನ್ನಿನ ವೈಸ್ (ಹಿಡಿಕೆ) ಕಚ್ಚಿರುತ್ತೆ, ವೈಸ್ ಇಲ್ಲದ ಕಡೆಗೆ ಸೈಜುಗಲ್ಲು ಕೊಟ್ಟಿದ್ದೆ, ಅದು ಮೆಷಿನ್ನಿಗಿಂತ ಅರ್ಧ ಇಂಚು ಎತ್ತರ. ಕಟ್ ಮುಗಿಯೋ ಹೊತ್ತಿಗೆ ಆ ಕಡೆಯ ತುಂಡಿನ ಕಟ್ ಹತ್ತಿರದ ತುದಿ ಕೆಳಗೆ ಬಾಗಿ, ಸೀಳು ಮೇಲೆ ಮುಚ್ಚಿಕೊಂಡು ವೀಲನ್ನು ಕಚ್ಚುತ್ತೆ. ಟ್ಯೂಬ್ ಲೆವೆಲ್ (ಮಟ್ಟ ನೋಡೋ ನೀರಿನ ಪೈಪ್) ಹಿಡಿದು ಸ್ಟ್ಯಾಂಡ್ ಮಾಡಿದೆ, ಮೆಷಿನ್ನಿಗಿಂತ ಒಂದು ಎಳೆ ತಗ್ಗು. ಎಷ್ಟು ತಗ್ಗು ಅಂತ ಕೇಳಬೇಡಿ, ಎರಡು ತಿಂಗಳು ಕಲಿತದ್ದು. ಈಗ ವರ್ಷಕ್ಕೆ ಒಂದೋ ಎರಡೋ ಒಡೆದರೆ ಹೆಚ್ಚು.

ವೀಲಿಗೆ ತೇವ ಆಗಿಬರಲ್ಲ. ಮಳೆಗಾಲದಲ್ಲಿ ಮಂಡಕ್ಕಿ ತುಂಬಿದ ಡಬ್ಬದಲ್ಲಿ ಇಟ್ಟು ನೋಡಿದೆ, ಮಂಡಕ್ಕಿ ತೇವ ಎಳೆಯುತ್ತಲ್ವಾ ಅಂತ. ಮಂಡಕ್ಕಿ ಮೆತ್ತಗಾಯಿತು, ಇರುವೆ ಬಂತು, ಇಲಿ ಬಂತು. ಹೆಂಡತಿ ಎರಡು ದಿನ ಮಾತಾಡಲಿಲ್ಲ. ಈಗ ಹಳೇ ಬೀರುವಿನೊಳಗೆ 15 ವ್ಯಾಟಿನ ಬಲ್ಬ್ ಉರಿಸಿ ಇಡುತ್ತೇನೆ. ವೀಲಿನ ನಡುವಿನ ಲೋಹದ ಬಳೆ ಮೇಲೆ ಯಾವಾಗಿನವರೆಗೆ ಬಳಸಬಹುದು ಅನ್ನೋ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ದಾಟಿದ್ದನ್ನು ಕಡಿಮೆ ರೇಟಿಗೆ ಕೊಡುತ್ತೇವೆ ಅಂದರೂ ತರಬೇಡಿ.

ಸ್ಟಾರ್ಟರ್ ಹಾಕಿ ಎರಡೂವರೆ ವರ್ಷ ಆಯಿತು. ಕರೆಂಟ್ ದಿನಾ ಹೋಗುತ್ತೆ, ಬರುತ್ತೆ. ಗ್ರೈಂಡರ್ ಇಟ್ಟಲ್ಲೇ ಇರುತ್ತೆ. ಹುಡುಗರಿಗೆ ಹಸಿರು ಬಟನ್ನಿಗೂ ಟ್ಯೂಬ್ ಸುತ್ತೋ ಆಸೆ ಇತ್ತು. ಸುತ್ತಿದರೂ ಬಟನ್ ಒಳಕ್ಕೇ ಹೋಗದಂಗೆ ಬಾಕ್ಸಿನ ಬಾಯಿ ಮಾಡಿಸಿದ್ದೇನೆ.

ಮಾವ ಇನ್ನೂ ಆಟೋ ಕೇಳುತ್ತಿದ್ದಾರೆ. ಲೇತ್ ಅಂಗಡಿಯವರು ಬಾಕ್ಸಿನ ದುಡ್ಡಲ್ಲಿ ಐನೂರು ಬಾಕಿ ಇಟ್ಟಿದ್ದಾರೆ.