ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿ ಎಲ್ಲಿದೆ, ನೋಡಿದ್ದೀರಾ?

ಕ್ಯಾಮೆರಾ ಕೊಳ್ಳಲು ಹೋದವರು ಮೆಗಾಪಿಕ್ಸೆಲ್ ಎಷ್ಟು ಎಂದು ಕೇಳುತ್ತಾರೆ, ಝೂಮ್ ಎಷ್ಟು ಎಂದು ಕೇಳುತ್ತಾರೆ. ವ್ಯೂಫೈಂಡರ್ ಎಲ್ಲಿದೆ ಎಂದು ಕೇಳುವವರು ಕಡಿಮೆ. ಆದರೆ ನೀವು ಹೇಗೆ ನಿಲ್ಲುತ್ತೀರಿ, ಎಷ್ಟು ಹತ್ತಿರ ಹೋಗುತ್ತೀರಿ, ಎದುರಿಗಿರುವವರಿಗೆ ನಿಮ್ಮ ಮುಖ ಎಷ್ಟು ಕಾಣುತ್ತದೆ ಎಂಬುದೆಲ್ಲ ಆ ಪುಟ್ಟ ಕಿಂಡಿ ಇರುವ ಜಾಗದ ಮೇಲೆ ನಿಂತಿದೆ. ಹೊಸ ಲೆನ್ಸ್‌ಗೆ ದುಡ್ಡು ಹಾಕುವ ಮೊದಲು ಇದನ್ನೊಮ್ಮೆ ಮಾಡಿ ನೋಡಿ. ಹೆಚ್ಚು ಖರ್ಚಿಲ್ಲ, ಒಂದು ಭಾನುವಾರ ಸಾಕು.

ಮೊದಲು ಕಣ್ಣು, ಆಮೇಲೆ ಕನ್ನಡಿ

ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಒಂದು ಸಣ್ಣ ತ್ರಿಕೋನ ಮಾಡಿ. ಅದರೊಳಗಿಂದ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ತ್ರಿಕೋನದೊಳಗೇ ಉಳಿಯುತ್ತದೋ ಆ ಕಣ್ಣಿನದೇ ನಿಮ್ಮಲ್ಲಿ ಜೋರು. ಹೆಚ್ಚಿನವರಿಗೆ ಅದು ಬಲಗಣ್ಣು. ಎಡಗಣ್ಣಾದರೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಿಂಡಿಯ ಪಕ್ಕದಲ್ಲಿ ಪುಟ್ಟ ಚಕ್ರ ಇದ್ದರೆ, ಒಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿ. ಎಷ್ಟೋ ಜನ ವರ್ಷಗಟ್ಟಲೆ ಅದನ್ನು ಮುಟ್ಟಿಯೇ ಇರುವುದಿಲ್ಲ.

ಈಗ ಕ್ಯಾಮೆರಾ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಫೋಟೊ ತೆಗೆಸಿಕೊಳ್ಳುವವರಿಗೆ ಕಾಣುವುದು ಇದೇ. ಕಿಂಡಿ ನಡುವೆ ಇದ್ದರೆ ಮೂಗು ಹಿಂದಿನ ಪರದೆಗೆ ಒತ್ತುತ್ತದೆ, ಎರಡೂ ಕಣ್ಣು ಮಾಯ. ಕಿಂಡಿ ಎಡ ಮೂಲೆಯಲ್ಲಿದ್ದು ನೀವು ಬಲಗಣ್ಣಿನವರಾದರೆ, ಮೂಗು ಪಕ್ಕಕ್ಕೆ ಸರಿಯುತ್ತದೆ, ಎಡಗಣ್ಣು ಹೊರಗೇ ಇರುತ್ತದೆ, ನಕ್ಕರೆ ನಗು ಕಾಣುತ್ತದೆ. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ನೋಡುವ ಕ್ಯಾಮೆರಾ ಆದರೆ ಇಡೀ ಮುಖ ತೆರೆದಿರುತ್ತದೆ, ತಲೆ ಮಾತ್ರ ಬಾಗಿರುತ್ತದೆ. ಈ ಮೂರನ್ನೂ ಕನ್ನಡಿಯಲ್ಲಿ ನೋಡದೆ ಮುಂದಕ್ಕೆ ಹೋಗಬೇಡಿ.

ನಡುವಿನ ಕಿಂಡಿ

1959ರಲ್ಲಿ ಬಂದ ನಿಕಾನ್ ಎಫ್ ಈ ರೂಪವನ್ನು ಪತ್ರಿಕಾ ಛಾಯಾಗ್ರಾಹಕರ ಕೈಗೆ ತಲುಪಿಸಿತು. ಲೆನ್ಸ್ ಕಂಡದ್ದನ್ನೇ ಕ್ಯಾಮೆರಾದೊಳಗಿನ ಕನ್ನಡಿ ಮತ್ತು ಗಾಜಿನ ಪಟ್ಟಕ ಕಣ್ಣಿಗೆ ಕೊಡುತ್ತವೆ. ಕಣ್ಣು, ಲೆನ್ಸ್, ವಸ್ತು ಎಲ್ಲ ಒಂದೇ ಗೆರೆಯಲ್ಲಿ. ಹಕ್ಕಿ ಫೋಟೊಗೆ ಇದೇ ಸರಿ. ರಂಗನತಿಟ್ಟಿನ ದೋಣಿಯಲ್ಲಿ ಕೂತಾಗ ಹಕ್ಕಿಯ ಮೇಲಿನ ಕಣ್ಣು ಕೀಳದೆ ಕ್ಯಾಮೆರಾವನ್ನು ಕಣ್ಣಿನ ತನಕ ಎತ್ತಿ. ಕ್ಯಾಮೆರಾ ಎತ್ತಿಕೊಂಡು ಆಮೇಲೆ ಹುಡುಕಿದರೆ ಉದ್ದ ಲೆನ್ಸ್‌ನಲ್ಲಿ ಬರೀ ಆಕಾಶ ಸಿಗುತ್ತದೆ. ಎಡಗೈ ಲೆನ್ಸ್ ಕೆಳಗೆ, ಮೊಣಕೈ ಎರಡೂ ಪಕ್ಕೆಗೆ, ಹುಬ್ಬು ಕಿಂಡಿಗೆ. ಇನ್ನೊಂದು ಮಾತು: ಹೀಗೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ಅಂದರೆ ಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಆಗುವ ಕ್ಷಣ ಕಿಂಡಿ ಕತ್ತಲಾಗುತ್ತದೆ. ನಿಮಗೆ ಸಿಕ್ಕ ಕ್ಷಣವನ್ನೇ ನೀವು ಕಂಡಿರುವುದಿಲ್ಲ.

ಮೂಲೆಯ ಕಿಂಡಿ

1954ರ ಲೈಕಾ ಎಂ3ಯಲ್ಲಿ ಕಿಂಡಿ ಎಡ ಮೂಲೆಯಲ್ಲಿದೆ. ಅದು ಲೆನ್ಸ್ ಮೂಲಕ ನೋಡುವುದಿಲ್ಲ. ಸುಮ್ನೆ ಒಂದು ಕಿಟಕಿ, ಅದರೊಳಗೆ ಬೆಳಕಿನ ಚೌಕಟ್ಟು. ಚೌಕಟ್ಟಿನ ಆಚೆಗೂ ಸ್ವಲ್ಪ ಕಾಣುತ್ತದೆ. ಒಳಗೆ ಬರಲಿರುವ ಸೈಕಲ್ ಮೊದಲೇ ಗೊತ್ತಾಗುತ್ತದೆ. ಇಲ್ಲಿ ಮಾಡಬೇಕಾದ ಅಭ್ಯಾಸ ಒಂದೇ, ಎಡಗಣ್ಣು ಮುಚ್ಚದಿರುವುದು. ಮೊದಲ ಹತ್ತು ನಿಮಿಷ ತಲೆ ತಿರುಗಿದ ಹಾಗಾಗುತ್ತದೆ, ಆಮೇಲೆ ಎರಡೂ ನೋಟ ಕೂಡಿಕೊಳ್ಳುತ್ತವೆ. ಎಡಗಣ್ಣು ಜೋರಿರುವವರಿಗೆ ಈ ಲಾಭ ಇಲ್ಲ. ಕ್ಯಾಮೆರಾ ಇಡೀ ಮುಖವನ್ನೇ ಮುಚ್ಚುತ್ತದೆ. ಇಂಥ ಕ್ಯಾಮೆರಾ ಕೊಳ್ಳುವ ಮೊದಲು ಅಂಗಡಿಯಲ್ಲೇ ಕಣ್ಣಿಟ್ಟು ನೋಡಿ. ಮೂಲೆಯಲ್ಲಿ ಕಿಂಡಿ ಇರುವ ಇಂದಿನ ಎಷ್ಟೋ ಕ್ಯಾಮೆರಾಗಳಲ್ಲಿ ಒಳಗಿರುವುದು ಪುಟ್ಟ ಟಿವಿ ಪರದೆ. ಚೌಕಟ್ಟಿನ ಆಚೆಯ ನೋಟ ಬೇಕೆಂದರೆ ಫ್ಯೂಜಿಫಿಲ್ಮ್ ಎಕ್ಸ್100 ಸಾಲಿನಂತೆ ಗಾಜಿನ ಕಿಂಡಿಯೂ ಇರುವುದನ್ನು ಹುಡುಕಬೇಕು.

ಹೊಟ್ಟೆಯ ಮಟ್ಟದ ನೋಟ

ನನಗೆ ತುಂಬಾ ಇಷ್ಟವಾದದ್ದು ಇದು. 1929ರಲ್ಲಿ ಜರ್ಮನಿಯಲ್ಲಿ ಬಂದ ರೋಲಿಫ್ಲೆಕ್ಸ್‌ಗೆ ಎರಡು ಲೆನ್ಸ್. ಮೇಲಿನದು ನೋಡಲು, ಕೆಳಗಿನದು ಫೋಟೊಗೆ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರವಾಲಾ ದೆಹಲಿಯಲ್ಲಿ ಇದನ್ನು ಬಳಸಿದರು. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿಕೊಂಡಿದ್ದ ವಿವಿಯನ್ ಮೇಯರ್ ಇದೇ ಕ್ಯಾಮೆರಾ ಹಿಡಿದು ಬೀದಿ ಸುತ್ತಿದರು. ಅವರ ಚಿತ್ರಗಳಲ್ಲಿ ಜನ ಎತ್ತರವಾಗಿ, ಗಟ್ಟಿಯಾಗಿ ನಿಂತಿರುವಂತೆ ಕಾಣುವುದಕ್ಕೆ ಕ್ಯಾಮೆರಾ ಎದೆಯಿಂದ ಕೆಳಗಿದ್ದದ್ದೂ ಒಂದು ಕಾರಣ.

ರೋಲಿ ಇಲ್ಲದಿದ್ದರೂ ಪರವಾಗಿಲ್ಲ, ಮೇಲಕ್ಕೆ ಮಡಚುವ ಪರದೆ ಇದ್ದರೆ ಸಾಕು. ಪಟ್ಟಿಯನ್ನು ಕುತ್ತಿಗೆಗೆ ಹಾಕಿ, ಕ್ಯಾಮೆರಾವನ್ನು ಕೆಳಕ್ಕೆ ಒತ್ತಿ ಪಟ್ಟಿ ಬಿಗಿಯಾಗುವಂತೆ ಹಿಡಿಯಿರಿ. ಉಸಿರು ಬಿಟ್ಟ ಮೇಲೆ ಕ್ಲಿಕ್ ಮಾಡಿ. ಎಳೆದುಕೊಳ್ಳುವಾಗ ಹೊಟ್ಟೆಯ ಜೊತೆ ಕ್ಯಾಮೆರಾವೂ ಏಳುತ್ತದೆ. ಹಳೆಯ ರೋಲಿಯಾದರೆ ಗಾಜಿನಲ್ಲಿ ಎಡ ಬಲ ಅದಲುಬದಲು. ಎಡದಿಂದ ಬರುವ ಸೈಕಲ್ ಬಲದಿಂದ ಬರುತ್ತದೆ. ಅದರ ಹಿಂದೆ ಓಡಿದರೆ ಕ್ಯಾಮೆರಾ ತಪ್ಪು ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ರೋಲಿ ಹಿಡಿದವರು ಓಡುವುದು ಬಿಟ್ಟು ಕಾಯಲು ಕಲಿಯುತ್ತಾರೆ.

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಒಬ್ಬ ಹೂವಿನ ಅಜ್ಜಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಕಣ್ಣಿಗೆ ಕ್ಯಾಮೆರಾ ಎತ್ತಿದ ಕೂಡಲೇ ಸೆರಗು ಸರಿ ಮಾಡಿಕೊಂಡು, ಕೈ ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಕ್ಯಾಮೆರಾ ಹೊಟ್ಟೆಗೆ ಇಳಿಸಿ, ಅವರ ಮುಖ ನೋಡಿ ಕೇಳಿದೆ: ‘ಅಜ್ಜಿ, ಹೂ ಕಟ್ತಾ ಇರೋದನ್ನೇ ತೆಗೀಲಾ?’ ‘ತಗೊಳ್ಳಪ್ಪಾ, ಆದ್ರೆ ಕೈ ನಿಲ್ಸೋಕಾಗಲ್ಲ’ ಅಂದರು. ನನಗೆ ಬೇಕಿದ್ದದ್ದು ಆ ಕೈಯೇ. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸುತ್ತಿತ್ತು, ಬೆರಳು ಎರಡೆರಡು ಮೊಗ್ಗು ಎತ್ತಿ ಗಂಟು ಹಾಕುತ್ತಿತ್ತು. ಮಾತು ನಡೆದೇ ಇತ್ತು. ಗೊತ್ತಾಗದ ಹಾಗೆ ಫೋಟೊ ಕದಿಯಲು ಮಾತ್ರ ಈ ಮಟ್ಟ ಬಳಸಬೇಡಿ. ಮುಖ ತೆರೆದಿರುವುದರಿಂದ ಕೇಳುವುದು ಸುಲಭ, ಅಲ್ವಾ?

ಹಿನ್ನೆಲೆಯೂ ಬದಲಾಗುತ್ತದೆ. ನಿಂತವರ ಫೋಟೊವನ್ನು ಕಣ್ಣಿನ ಮಟ್ಟದಿಂದ ತೆಗೆದರೆ ಬೀದಿಯ ಜನ, ಅಂಗಡಿ ಹಿಂದೆ ಬರುತ್ತವೆ. ಹೊಟ್ಟೆಯ ಮಟ್ಟದಿಂದ ತುಸು ಮೇಲಕ್ಕೆ ನೋಡಿದರೆ ಸೂರು, ವಿದ್ಯುತ್ ತಂತಿ, ಆಕಾಶ ಬರುತ್ತವೆ. ತಲೆಯ ಮೇಲೆ ತಂತಿ ಕೂತಿದೆಯಾ ನೋಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಮಕ್ಕಳಿಗಾದರೆ ಇದು ಅವರ ಕಣ್ಣಿನದೇ ಮಟ್ಟ.

ಇನ್ನು ಭಾನುವಾರದ ಕೆಲಸ. ಮನೆಯವರಲ್ಲೇ ಒಬ್ಬರನ್ನು ಕೆಲಸ ಮಾಡುತ್ತಿರುವಾಗ ಆರಿಸಿಕೊಳ್ಳಿ. ತರಕಾರಿ ಹೆಚ್ಚುವುದೋ, ಬಟ್ಟೆ ಮಡಚುವುದೋ ಯಾವುದಾದರೂ ಆದೀತು. ಒಂದೇ ಲೆನ್ಸ್, ಐದು ಅಡಿ ದೂರ, ಝೂಮ್ ಮುಟ್ಟಬೇಡಿ. ಕಣ್ಣಿಗಿಟ್ಟು ಹತ್ತು, ಹೊಟ್ಟೆಯ ಹತ್ತಿರ ಹಿಡಿದು ಹತ್ತು, ಫೋನ್ ಹಿಡಿದಂತೆ ಕೈ ಚಾಚಿ ಹತ್ತು. ಮೂವತ್ತನ್ನೂ ಚಿಕ್ಕ ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹರಡಿ. ಯಾವುದು ಚೆನ್ನಾಗಿದೆ ಎಂದು ನೀವು ಆರಿಸಬೇಡಿ. ಫೋಟೊದಲ್ಲಿ ಇರುವವರನ್ನೇ ಕೇಳಿ.