ಕನ್ನಡ ಫಾಂಟ್ ಮಾಡ್ಬೇಕಾ? ‘ಅ ಆ ಇ ಈ’ ಇಂದ ಶುರು ಮಾಡ್ಬೇಡಿ

ಮೊದಲ ಸಲ ಕನ್ನಡ ಫಾಂಟ್ ಮಾಡೋಕೆ ಕೂತವ್ರು ವರ್ಣಮಾಲೆ ಚಾರ್ಟ್ ಎದುರಿಗಿಟ್ಕೊಂಡು ಅ ಇಂದ ಳ ವರೆಗೂ ಚೆಂದಾಗಿ ಬಿಡಿಸ್ತಾ ಹೋಗ್ತಾರೆ. ನಾನೂ ಅದನ್ನೇ ಮಾಡಿದ್ದೆ, ಎರಡು ತಿಂಗಳು ರಾತ್ರಿ ಕೂತು 49 ಅಕ್ಷರ ಮುಗಿಸಿ, ಒತ್ತಕ್ಷರ ಎಲ್ಲ ಗಡಿಬಿಡೀಲಿ ತುಂಬಿ, ತಂಗಿ ಮದುವೆ ಕಾರ್ಡಿಗೆ ಅದೇ ಫಾಂಟ್ ಹಾಕ್ಸಿದೆ. ಪ್ರೂಫ್ ಬಂತು. ಬೀಗಿತ್ತಿ ಹೆಸರು ಜ್ಯೋತ್ಸ್ನಾ, ಅದ್ರಲ್ಲಿ ಸ ಒತ್ತಿನ ಮೇಲೇ ನ ಒತ್ತು ಹತ್ತಿ ಕೂತು ಚಪ್ಪಲೀಲಿ ಹೊಡೆದ ಜೇಡದ ಥರ ಕಾಣ್ತಿತ್ತು. ಕಾರ್ಡು ಬೇರೆ ಫಾಂಟಲ್ಲಿ ಪ್ರಿಂಟ್ ಆಯ್ತು ಬಿಡಿ.

ಅದಕ್ಕೇ ಹೇಳೋದು, ಪದದಿಂದ ಶುರು ಮಾಡಿ. ಇಂಗ್ಲಿಷ್ ಫಾಂಟ್ ಮಾಡೋರು ಹ್ಯಾಂಬರ್ಗ್‌ಫಾಂಟ್ಸ್ ಅಂತ ಅರ್ಥವಿಲ್ಲದ ಒಂದು ಪದ ಬರ್ದು ನೋಡ್ತಾರಲ್ಲ, ಹಾಗೆ ನಾನು ಇಟ್ಕೊಂಡಿರೋ ಪಟ್ಟಿ ಇದು: ಮಾವು, ಕೈ, ಪುಟ, ಸೂರ್ಯ, ರಾಷ್ಟ್ರ, ಜ್ಯೋತ್ಸ್ನಾ, ರಾಜ್‌ಕುಮಾರ್.

ಮಾವು ಯಾಕೆ ಅಂದ್ರೆ ಮ ಅಂದ್ರೇನೇ ವ ಪಕ್ಕ ಒಂದು ಬಾಲ. ವ ಗೆ ಮಾಮೂಲಿ ಕೊಂಬನ್ನೇ ಅಂಟಿಸಿದ್ರೆ ವು ಹೋಗಿ ಮ ಆಗ್ಬಿಡುತ್ತೆ, ಅದಕ್ಕೇ ಪು, ವು ಗಳಲ್ಲಿ ಕೊಂಬು ಕೆಳಗಿಂದ ಹೊರಡುತ್ತೆ, ಅದಕ್ಕೆ ಬೇರೆ ಕೊಂಬನ್ನೇ ಬಿಡಿಸ್ಬೇಕು. ಈ ಒಂದು ಪದ ದೂರದಿಂದ ನೋಡಿದ್ರೂ ಗಲಿಬಿಲಿ ಆಗ್ಲಿಲ್ಲ ಅಂದ್ರೆ ಅರ್ಧ ಗೆದ್ದಂಗೆ.

ಈಗ ಕೆಲ್ಸ ಉಳಿಸೋ ಉಪಾಯ. ಕ ಬಿಡಿಸುವಾಗ ತಲಕಟ್ಟನ್ನ ಅಂಟಿಸ್ಬೇಡಿ, ಬೋಳು ದೇಹ ಒಂದು ಕಡೆ, ತಲಕಟ್ಟು ಒಂದು ಕಡೆ ಇಡಿ. ಕಾ, ಕಿ, ಕೆ, ಕೌ, ಕ್ ಇಷ್ಟರಲ್ಲೂ ತಲಕಟ್ಟು ಎದ್ದುಹೋಗಿ ಆ ಜಾಗಕ್ಕೆ ಬೇರೆ ಟೋಪಿ ಬರುತ್ತೆ, ಅಷ್ಟೆ. ಉಳಿದಿದ್ದು ಜೋಡಣೆ: ಕಿ ಪಕ್ಕ ದೀರ್ಘ ಇಟ್ರೆ ಕೀ, ಕೆ ಪಕ್ಕ ಅದೇ ದೀರ್ಘ ಇಟ್ರೆ ಕೇ, ಕೆ ಕೆಳಗೆ ಐತ್ವದ ಕೊಂಡಿ ಹಾಕಿದ್ರೆ ಕೈ. ಯುನಿಕೋಡಲ್ಲೂ (ಕಂಪ್ಯೂಟರಲ್ಲಿ ಪ್ರತಿ ಅಕ್ಷರಕ್ಕೂ ಕೊಟ್ಟಿರೋ ಸಂಖ್ಯೆಗಳ ಪಟ್ಟಿ) ಈ ಚಿಹ್ನೆಗಳು ಹೀಗೇ ಬಿಡಿಯಾಗುತ್ತವೆ. ಆದ್ರೆ ಜ, ಬ, ಲ, ಣ ಇವಕ್ಕೆ ತಲಕಟ್ಟೇ ಇಲ್ಲ, ಜಿ, ಬಿ, ಲಿ, ಣಿ ಎಲ್ಲ ಕೂತ್ಕೊಂಡು ಒಂದೊಂದಾಗಿ ಬಿಡಿಸ್ಬೇಕು, ಇಲ್ಲಿ ಶಾರ್ಟ್‌ಕಟ್ ಹುಡುಕಿದ್ರೆ ಎದ್ದು ಕಾಣುತ್ತೆ.

ಒತ್ತಕ್ಷರಗಳು 34, ದೊಡ್ಡ ಅಕ್ಷರನೇ ಸ್ಕೇಲ್ ಮಾಡಿ ಚಿಕ್ಕದು ಮಾಡಿದ್ರೆ ಗೆರೆಯೂ ಸಣ್ಣ ಆಗಿ ಸೊರಗಿದ ಹಾಗೆ ಕಾಣುತ್ತೆ, ಹಾಗಾಗಿ ಗೆರೆ ದಪ್ಪ ಮತ್ತೆ ಸರಿ ಮಾಡಿ. ಎರಡನೇ ಒತ್ತು ಬಂದಾಗ (ರಾಷ್ಟ್ರ, ಜ್ಯೋತ್ಸ್ನಾ) ಅದು ಬಲಕ್ಕೆ ಸರೀಬೇಕು, ನನ್ನ ಜೇಡ ಹುಟ್ಟಿದ್ದು ಇಲ್ಲೇ.

ಅರ್ಕಾವತ್ತಿನ ವಿಷ್ಯ ಸೂರ್ಯದಲ್ಲಿ ಗೊತ್ತಾಗುತ್ತೆ. ರ, ವಿರಾಮ (ಕ ನ ಕ್ ಮಾಡೋ ಚಿಹ್ನೆ), ಯ ಟೈಪ್ ಮಾಡಿದ್ರೆ ಅರ್ಕಾವತ್ತು ಬರ್ಬೇಕು. ರ ಮತ್ತು ವಿರಾಮದ ನಡುವೆ ಜೀರೋ ವಿಡ್ತ್ ಜಾಯ್ನರ್ ಅನ್ನೋ ಕಣ್ಣಿಗೆ ಕಾಣದ ಚಿಹ್ನೆ ಇಟ್ರೆ ಸೂರ‍್ಯ ಅಂತ ರ ಕೆಳಗೆ ಯ ಒತ್ತು ಬರ್ಬೇಕು. ಎರಡೂ ಚೆಕ್ ಮಾಡಿ. ರಾಜ್‌ಕುಮಾರ್‌ನಲ್ಲಿ ನಡುವೆ ನಾನ್ ಜಾಯ್ನರ್ (ಒತ್ತಾಗದ ಹಾಗೆ ತಡೆಯೋ ಇನ್ನೊಂದು ಕಾಣದ ಚಿಹ್ನೆ) ಇರುತ್ತೆ, ಇಲ್ಲದಿದ್ರೆ ಅಣ್ಣಾವ್ರು ರಾಜ್ಕುಮಾರ್ ಆಗ್ತಾರೆ.

ಟೂಲ್ ವಿಷ್ಯಕ್ಕೆ ತಲೆ ಕೆಡಿಸ್ಕೋಬೇಡಿ. ಫಾಂಟ್‌ಫೋರ್ಜ್ ಉಚಿತ, ಮ್ಯಾಕ್ ಇದ್ದು ದುಡ್ಡೂ ಇದ್ರೆ ಗ್ಲಿಫ್ಸ್. ಓಪನ್‌ಟೈಪ್ ಕೋಡ್ (ಯಾವ ಅಕ್ಷರ ಹೇಗೆ ಸೇರ್ಬೇಕು ಅಂತ ಫಾಂಟಿಗೆ ಹೇಳೋ ನಿಯಮಗಳು) ಬರೆಯುವಾಗ ಒಂದು ಹುಷಾರು: ಹಳೇ ಟ್ಯುಟೋರಿಯಲ್‌ಗಳು ಕೆಎನ್‌ಡಿಎ ಟ್ಯಾಗಿಗೆ (ಆ ನಿಯಮಗಳಲ್ಲಿ ಕನ್ನಡ ಲಿಪಿಗಿದ್ದ ಹಳೇ ಗುರುತು) ಬರ್ದಿರೋವು, ಅಲ್ಲಿ ಒತ್ತಿಗೆ ವ್ಯಂಜನ ಮೊದ್ಲು ವಿರಾಮ ಆಮೇಲೆ, ಈಗಿನ ಕೆಎನ್‌ಡಿ2 ನಲ್ಲಿ ಅದು ಉಲ್ಟಾ. ಇದು ಗೊತ್ತಿಲ್ದೆ ನಾನು ಒಂದು ವಾರ ಒದ್ದಾಡಿದೀನಿ. ನೊಟೊ ಕನ್ನಡ, ಗುಬ್ಬಿ, ನವಿಲು, ಅನೇಕ್ ಕನ್ನಡ ಇವೆಲ್ಲ ಮುಕ್ತ ಫಾಂಟ್‌ಗಳೇ, ಬಿಚ್ಚಿ ಒಳಗೆ ಹೇಗೆ ಜೋಡಿಸಿದಾರೆ ನೋಡಿ, ಅದಕ್ಕಿಂತ ಒಳ್ಳೆ ಪಾಠ ಸಿಗಲ್ಲ.

ಆಮೇಲೆ ಎತ್ತರ. ಕನ್ನಡ ಮೇಲೂ ಕೆಳಗೂ ಚಾಚೋ ಲಿಪಿ. ಫಾಂಟ್ ಮಾಹಿತೀಲಿ ವಿನ್ ಅಸೆಂಟ್, ವಿನ್ ಡಿಸೆಂಟ್ ಅಂತ ಎರಡು ನಂಬರ್ ಇರುತ್ತೆ, ಅದ್ರಾಚೆ ಹೋದ ಗೆರೇನ ವಿಂಡೋಸ್ ಕತ್ತರಿಸಿಬಿಡಬಹುದು, ಹಾಗಾಗಿ ನಿಮ್ಮ ಅತಿ ಆಳದ ಒತ್ತನ್ನ ಅಳೆದು ಆಮೇಲೆ ನಂಬರ್ ಹಾಕಿ.

ಟೆಸ್ಟ್ ಮಾಡೋವಾಗ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ವರ್ಡ್, ಒಂದು ಆಂಡ್ರಾಯ್ಡ್ ಫೋನು ಸಾಕು. ಇನ್‌ಡಿಸೈನಲ್ಲಿ ಒತ್ತು ಒಡೆದ್ರೆ ಗಾಬರಿ ಬೇಡ, ವರ್ಲ್ಡ್-ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನ ಸರಿಯಾಗಿ ಜೋಡಿಸೋ ಸೆಟ್ಟಿಂಗ್) ಆನ್ ಇದ್ಯಾ ಮೊದ್ಲು ನೋಡಿ.

ಇನ್ನು ಬೇರೆಯವ್ರಿಗೆ ತೋರ್ಸೋದು. ಟೈಪ್ ಡಿಸೈನ್ ಗುಂಪುಗಳಲ್ಲಿ ‘ಹೇಗಿದೆ ನೋಡಿ ಸರ್’ ಅಂತ ದೊಡ್ಡ ಸೈಜಿನ ಚಿತ್ರ ಹಾಕಿದ್ರೆ ‘ಸೂಪರ್’ ಅಂತ ಹತ್ತು ಕಾಮೆಂಟ್ ಬರುತ್ತೆ, ಪ್ರಯೋಜನ ಸೊನ್ನೆ. ಬದಲಿಗೆ ಒಂದು ಪುಟ ಪೂರ್ತಿ ಪಠ್ಯ 10 ಪಾಯಿಂಟಲ್ಲಿ, ಅದೇ ಪಠ್ಯ 14 ರಲ್ಲಿ ಪಿಡಿಎಫ್ ಮಾಡಿ, ಪಕ್ಕದಲ್ಲಿ ನೊಟೊದಲ್ಲಿ ಅದೇ ಪ್ಯಾರಾ ಇಟ್ಟು, ಒಂದೇ ಪ್ರಶ್ನೆ ಕೇಳಿ: ದ, ಧ, ಥ ಬೇರೆ ಬೇರೆ ಕಾಣ್ತಿವೆಯಾ? ಸಣ್ಣ ಸೈಜಲ್ಲಿ ಧ ಅಕ್ಷರದ ಸೀಳು, ಥ ಅಕ್ಷರದ ಹೊಟ್ಟೆಯೊಳಗಿನ ಬೊಟ್ಟು ಮುಚ್ಚಿಹೋಗುತ್ತೆ, ಇದನ್ನ ಮಾಡಿದವ್ರ ಕಣ್ಣು ಹಿಡಿಯಲ್ಲ. ಒಂದು ಪ್ರಿಂಟ್ ತೆಗೆದು ದಿನಾ ಪೇಪರ್ ಓದೋ ಹಿರಿಯರ ಕೈಗೂ ಕೊಡಿ. ನಮ್ಮಪ್ಪ ‘ಯಾಕೋ ಧನ, ದನ ಎಲ್ಲ ಒಂದೇ ಕೊಟ್ಟಿಗೇಲಿ ಕಟ್ಟಿದೀಯ’ ಅಂದ್ರು, ಆವತ್ತೇ ಸೀಳು ಉದ್ದ ಮಾಡಿದೆ.

ಬಿಡುಗಡೆ ಮಾಡೋದಾದ್ರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಹಾಕಿ. ಇದೇ ಲೈಸೆನ್ಸಿರೋ ಬೇರೆ ಫಾಂಟಿಂದ ಗೆರೆ ಎತ್ಕೊಂಡಿದ್ರೆ ನಿಮ್ಮದೂ ಅದೇ ಲೈಸೆನ್ಸಲ್ಲೇ ಇರ್ಬೇಕು, ಅವ್ರು ಕಾಯ್ದಿರಿಸಿದ ಹೆಸರನ್ನ ನೀವು ಇಟ್ಕೊಳ್ಳೋ ಹಾಗಿಲ್ಲ. ವರ್ಷನ್ 1.0 ಅಂತ ಹಾಕೋ ಆತುರ ಬೇಡ, 0.1 ಹಾಕಿ, ಮದುವೆ ಕಾರ್ಡ್ ಯಾವ್ದೂ ಒಪ್ಕೋಬೇಡಿ.