ಮೀನಿನ ಟ್ಯಾಂಕಿಗೆ ತಿಪಟೂರಿನ ಮಣ್ಣು

ಮೊದಲ ಸಲ ಗಿಡ ತಂದು ನೆಟ್ಟ ಹನ್ನೊಂದನೇ ದಿನಕ್ಕೆ ಎಲ್ಲವೂ ಕೊಳೆತವು. ಕೊಳೆತವು ಅಂದರೆ ಹಳದಿಯಾಗಿ ಉದುರಿದವು ಅಂತಲ್ಲ. ಜಾಸ್ತಿ ಬೆಂದ ಪಾಲಕ್ ಸೊಪ್ಪಿನ ಹಾಗೆ ಲೋಳೆಯಾಗಿ, ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬರುತ್ತಿದ್ದವು. ಕ್ರಿಪ್ಟೋಕೊರೈನ್ ಅನ್ನುವ ಗಿಡ ಅದು, ಚಿಕ್ಕದಾಗಿ ಕ್ರಿಪ್ಟ್. ನಾಲ್ಕು ಬುಡಕ್ಕೆ 600 ರೂಪಾಯಿ ಕೊಟ್ಟಿದ್ದೆ. ಬೇಜಾರಲ್ಲಿ ಎಲ್ಲ ಕಿತ್ತು ಕಸದ ಡಬ್ಬಿಗೆ ಹಾಕಿದೆ. ಅವು ಸತ್ತಿರಲಿಲ್ಲ ಅಂತ ಗೊತ್ತಾದದ್ದು ಎರಡು ತಿಂಗಳ ನಂತರ.

ಅಕ್ವೇರಿಯಂ ಗಿಡಗಳನ್ನು ಮಾರುವವರು ಹೆಚ್ಚಿನವನ್ನು ನೀರಿನೊಳಗೆ ಬೆಳೆಸುವುದೇ ಇಲ್ಲ. ಬುಡಕ್ಕೆ ನೀರು, ಮೇಲೆ ತೇವದ ಗಾಳಿ, ಹಾಗೆ ಬೆಳೆಸುತ್ತಾರೆ. ಬೇಗ ಬೆಳೆಯುತ್ತದೆ, ಪಾಚಿ ಕಾಟವೂ ಇಲ್ಲ. ಆ ಎಲೆ ಗಾಳಿಗೆ ಅಂತ ಆದ ಎಲೆ. ನಾವು ತಂದು ಮುಳುಗಿಸಿದಾಗ ಅದಕ್ಕೆ ಅಲ್ಲಿ ಕೆಲಸ ಮಾಡಲು ಬರುವುದಿಲ್ಲ. ಗಿಡ ಅದನ್ನು ಬಿಟ್ಟುಬಿಡುತ್ತದೆ, ಬೇರು ಉಳಿಸಿಕೊಂಡು ನೀರಿಗೆ ಒಗ್ಗುವ ಹೊಸ ಎಲೆ ತೆಗೆಯುತ್ತದೆ. ಅದಕ್ಕೆ ಎರಡು ಮೂರು ವಾರ ಬೇಕು. ನಾನು ಹನ್ನೊಂದು ದಿನಕ್ಕೇ ಕಿತ್ತು ಎಸೆದಿದ್ದೆ!

ಇದು 2020ರ ಲಾಕ್‌ಡೌನ್ ಮುಗಿದ ಮೇಲಿನ ಕಥೆ. ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟು, ಮೂರನೇ ಮಹಡಿ. ಟ್ಯಾಂಕ್ ಮೂರು ಅಡಿ ಉದ್ದ, ಒಂದು ಅಡಿ ಅಗಲ, ಹದಿನೈದು ಇಂಚು ಎತ್ತರ. ಸುಮಾರು 100 ಲೀಟರ್ ಹಿಡಿಯುತ್ತದೆ. ಅಂಗಡಿಯವರು ಅದರ ಜೊತೆ ನೀಲಿ ಬಣ್ಣದ ಜಲ್ಲಿಕಲ್ಲು ಕೊಟ್ಟಿದ್ದರು. ಗಿಡ ಬೆಳೆಯುತ್ತಾ ಅಂತ ಕೇಳಿದ್ದಕ್ಕೆ, "ಬೆಳೆಯುತ್ತೆ ಸರ್, ಲೈಟ್ ಜಾಸ್ತಿ ಕೊಡಿ" ಅಂದರು. ಆ ಮಾತು ಕೇಳಿ ನಾನು ದಿನಕ್ಕೆ ಹನ್ನೊಂದು ಗಂಟೆ ಲೈಟ್ ಹಾಕಿದೆ.

ಬೆಳೆದದ್ದು ಪಾಚಿ. ಹಸಿರು ಕೂದಲಿನಂಥ ಪಾಚಿ. ಹಲ್ಲುಜ್ಜುವ ಹಳೇ ಬ್ರಷ್ ಹಾಕಿ ತಿರುಗಿಸಿದರೆ ಶ್ಯಾವಿಗೆ ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತಿತ್ತು. ಬಣ್ಣದ ಕಲ್ಲಿನಲ್ಲಿ ಗಿಡದ ಬೇರಿಗೆ ತಿನ್ನಲು ಏನೂ ಇಲ್ಲ. ಊಟ ಇಲ್ಲದ ಗಿಡಕ್ಕೆ ಬೆಳಕು ಜಾಸ್ತಿ ಕೊಟ್ಟರೆ ಏನು ಮಾಡುತ್ತದೆ? ಅದು ಸುಮ್ನೆ ಕೂರುತ್ತದೆ. ಪಾಚಿ ಮಾತ್ರ ಸ್ವಲ್ಪದರಲ್ಲೇ ಬದುಕುವ ಜಾತಿ, ಬಂದು ಜಾಗ ಹಿಡಿಯುತ್ತದೆ.

ಮುಂದಿನ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ, ತಿಪಟೂರು ಕಡೆ. ತೋಟದಲ್ಲಿ ಅಪ್ಪ ತೆಂಗಿನ ಬುಡಕ್ಕೆ ಕೆರೆಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹಾಕಿಸುತ್ತಿದ್ದರು. ನನ್ನ ಟ್ಯಾಂಕಿನ ಗೋಳು ಹೇಳಿಕೊಂಡೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಮಣ್ಣು ಯಾವುದು ಹಾಕಿದೀಯಾ?"

ಮಣ್ಣೇ ಇಲ್ಲ ಅಂದೆ. ಅಪ್ಪ ಏನೂ ಹೇಳಲಿಲ್ಲ. ಅವರು ನೋಡಿದ ರೀತಿಯೇ ಸಾಕಾಯಿತು.

ಕೆರೆಗೋಡು ತರಲು ಧೈರ್ಯ ಬರಲಿಲ್ಲ. ಅದರಲ್ಲಿ ಏನೇನು ಹುಳ ಇರುತ್ತದೋ ಗೊತ್ತಿಲ್ಲ. ಗೊಬ್ಬರ ಹಾಕದೆ ಬಿಟ್ಟಿದ್ದ ಒಂದು ಮೂಲೆಯ ಕೆಂಪು ಮಣ್ಣನ್ನು ಸಿಮೆಂಟ್ ಚೀಲದಲ್ಲಿ ತುಂಬಿಕೊಂಡು ಬಂದೆ. ಕೆಂಪು ಅಂದರೆ ಕಬ್ಬಿಣ ಇದೆ ಅಂತ. ಗಿಡಕ್ಕೆ ಬೇಕಾದದ್ದೇ. ತಿಪ್ಪೆಗೊಬ್ಬರ ಬೆರೆಸಿದ ಮಣ್ಣು ಮಾತ್ರ ಬೇಡವೇ ಬೇಡ. ನೀರಿನಲ್ಲಿ ಅದು ಅಮೋನಿಯಾ ಬಿಡುತ್ತದೆ, ಮೀನು ಉಳಿಯುವುದಿಲ್ಲ.

ಮಣ್ಣು ತಯಾರು ಮಾಡಿದ್ದು ಹೀಗೆ. ಮೊದಲು ಜರಡಿ ಹಿಡಿದು ಕಲ್ಲು, ಬೇರು, ಕಸ ತೆಗೆದೆ. ಬಕೆಟ್ಟಿನಲ್ಲಿ ನೀರು ಹಾಕಿ ಕಲಕಿ, ಮೇಲೆ ತೇಲಿದ್ದನ್ನು ಚೆಲ್ಲಿದೆ. ಎರಡು ದಿನ ನೆನೆಸಿ, ನೀರು ಬಸಿದು, ಟೆರೇಸ್ ಮೇಲೆ ಹಳೇ ಬ್ಯಾನರ್ ಹಾಸಿ ಸಂಡಿಗೆ ಒಣಗಿಸಿದ ಹಾಗೆ ಒಣಗಿಸಿದೆ. ಮತ್ತೆ ನೆನೆಸಿದೆ, ಮತ್ತೆ ಒಣಗಿಸಿದೆ. ಹೀಗೆ ಮೂರು ಸಲ. ಹೀಗೆ ಮಾಡಿದರೆ ಮಣ್ಣಿನಲ್ಲಿ ಕೊಳೆಯುವಂಥದ್ದು ಮುಕ್ಕಾಲು ಪಾಲು ಹೊರಗೇ ಕೊಳೆತು ಹೋಗುತ್ತದೆ. ಆಗ ಮನೆಗೆ ಬಂದಿದ್ದ ಅಮ್ಮ ಇದನ್ನೆಲ್ಲ ನೋಡಿ, "ಏನೋ ಇದು, ಮೀನಿಗೆ ಗದ್ದೆ ಮಾಡ್ತಾ ಇದೀಯಾ?" ಅಂದರು.

ನಿಜ ಹೇಳಬೇಕೆಂದರೆ ಅದೇ ಸರಿಯಾದ ಮಾತು.

ತಳಕ್ಕೆ ಒಂದಿಂಚು ಮಣ್ಣು, ಅದರ ಮೇಲೆ ಒಂದೂವರೆ ಇಂಚು ತೊಳೆದ ಮರಳು. ಮರಳಿನ ಮೇಲೆ ಮೊದಲೇ ಎರಡು ಹನಿ ನಿಂಬೆರಸ ಬಿಟ್ಟು ನೋಡಿದ್ದೆ. ನೊರೆ ಬಂದರೆ ಅದರಲ್ಲಿ ಕಪ್ಪೆಚಿಪ್ಪಿನ ಚೂರು, ಸುಣ್ಣ ಇದೆ ಅಂತ ಅರ್ಥ. ಬರಲಿಲ್ಲ. ಇಷ್ಟೆಲ್ಲ ಜೋಪಾನ ಮಾಡಿ, ಕೊನೆಗೆ ಚೊಂಬಿನಲ್ಲಿ ಎತ್ತರದಿಂದ ನೀರು ಸುರಿದೆ! ಮರಳು ಗುಳಿ ಬಿತ್ತು, ಕೆಳಗಿನ ಮಣ್ಣು ಎದ್ದಿತು, ಇಡೀ ಟ್ಯಾಂಕು ಮೊದಲ ಮಳೆಗೆ ತುಂಬಿದ ಕಟ್ಟೆಯ ಹಾಗೆ ಕೆಂಪಾಯಿತು. ಎಲ್ಲ ಖಾಲಿ ಮಾಡಿ ಮತ್ತೆ ಶುರು. ಎರಡನೇ ಸಲ ಮರಳಿನ ಮೇಲೆ ಊಟದ ತಟ್ಟೆ ಇಟ್ಟು, ತಟ್ಟೆಯ ಮೇಲೆ ಸಣ್ಣ ಧಾರೆಯಲ್ಲಿ ನೀರು ಬಿಟ್ಟೆ. ಕಾಲು ಗಂಟೆ ತಾಳ್ಮೆ ಇದ್ದರೆ ಸಾಕು. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಅದು ಬೇರೆ ವಿಷಯ.

ನಾಲ್ಕು ವಾರ ಮೀನು ಬಿಡಲಿಲ್ಲ. ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿದೆ. ಮೇಲೆ ಒಂದಿಷ್ಟು ಅಂತರಗಂಗೆ ತೇಲಿಬಿಟ್ಟೆ. ಅದಕ್ಕೆ ಗಾಳಿ ಧಾರಾಳವಾಗಿ ಸಿಗುವುದರಿಂದ ರಾಕ್ಷಸನ ಹಾಗೆ ಬೆಳೆಯುತ್ತದೆ, ಮಣ್ಣು ಬಿಡುವ ಅಮೋನಿಯಾವನ್ನು ತಿಂದುಹಾಕುತ್ತದೆ. ಪಾಚಿಗೆ ಸಿಗಬೇಕಾದ ಬೆಳಕಿಗೂ ಕೊಡೆ ಹಿಡಿಯುತ್ತದೆ. ಕೆಳಗಿನ ಗಿಡ ಹಿಡಿದುಕೊಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ತೆಗೆದು ಕರಿಬೇವಿನ ಕುಂಡಕ್ಕೆ ಹಾಕಿದೆ. ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ. ನಮ್ಮ ಕೆರೆಗಳಿಗೆ ಈಗ ಇರುವ ಕಳೆಯೇ ಸಾಕು.

ಲೈಟು ಆರು ಗಂಟೆಗೆ ಇಳಿಸಿದೆ. ಪ್ಲೈವುಡ್ ಮುಚ್ಚಳಕ್ಕೆ ಹೋಲ್ಡರ್ ಕೂರಿಸಿ 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬು, 6500 ಕೆಲ್ವಿನ್‌ದು. ಮನೆಗೆ ಹಾಕುವ ಮಾಮೂಲಿ ಬಿಳಿ ಬಲ್ಬೇ. ಅಕ್ವೇರಿಯಂ ಲೈಟ್ ಅಂತ ಮಾರುವ ನೇರಳೆ ಬೆಳಕಿನದು ನನಗೆ ಇಷ್ಟವಿಲ್ಲ, ಗಿಡದ ನಿಜವಾದ ಬಣ್ಣವೇ ಕಾಣುವುದಿಲ್ಲ. ಟೈಮರ್ ತೆಗೆದುಕೊಳ್ಳುವಾಗ ಒಂದು ಎಚ್ಚರ. ತಿರುಗುವ ಚಕ್ರದ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಒಂದು ಬೇಸಿಗೆಯಲ್ಲಿ ದಿನಾ ಎರಡು ಗಂಟೆ ಕರೆಂಟ್ ಹೋಗಿ, ವಾರದ ಕೊನೆಗೆ ನಡುರಾತ್ರಿ ಹಾಲ್‌ನಲ್ಲಿ ಲೈಟು ಉರಿಯುತ್ತಿತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದ ಮೇಲೆ ಆ ಕಾಟ ತಪ್ಪಿತು.

ಈ ಸಲವೂ ಕ್ರಿಪ್ಟ್ ಎಲೆ ಕರಗಿತು. ಕೀಳಲಿಲ್ಲ. ಕೊಳೆತ ಎಲೆಯನ್ನಷ್ಟೇ ಕತ್ತರಿಸಿ ತೆಗೆದೆ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಬುಡದಲ್ಲಿ ಅಕ್ಕಿಕಾಳಿನಷ್ಟು ಕಂದು ಮೊಳಕೆ, ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ನಾಲ್ಕು ದಿನಕ್ಕೆ ಬಿಚ್ಚಿಕೊಂಡಿತು. ಅವತ್ತಿನಿಂದ ಟ್ಯಾಂಕ್ ಮುಂದೆ ನಿಂತರೆ ಹಳೇ ಎಲೆಯ ಕಡೆ ನೋಡುವುದನ್ನೇ ಕಡಿಮೆ ಮಾಡಿದೆ. ಹೊಸ ಎಲೆ ಹೇಗೆ ಬರುತ್ತಿದೆ? ಅದು ಚೆನ್ನಾಗಿದ್ದರೆ ಏನನ್ನೂ ಮುಟ್ಟುವುದಿಲ್ಲ.

ಜಾವಾ ಫರ್ನ್, ಅನೂಬಿಯಾಸ್ ಎರಡನ್ನೂ ಮಣ್ಣಿನಲ್ಲಿ ಹೂಳಬಾರದು. ಶುಂಠಿಯಂಥ ಗಡ್ಡೆ ಇರುತ್ತದಲ್ಲ, ಅದು ಹೊರಗೇ ಇರಬೇಕು. ಹೂತರೆ ಕೊಳೆಯುತ್ತದೆ. ಹೊಲಿಯುವ ದಾರದಲ್ಲಿ ಕಲ್ಲಿಗೆ ಕಟ್ಟಿದರೆ ತಾನೇ ಹಿಡಿದುಕೊಳ್ಳುತ್ತದೆ.

ಆಮೇಲೆ ಕಾರ್ಬನ್ ಡೈಆಕ್ಸೈಡ್ ಹುಚ್ಚು ಹತ್ತಿತು. ನೀರಿನಲ್ಲಿ ಅದು ಗಾಳಿಗಿಂತ ಸಾವಿರಾರು ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಮುಳುಗಿದ ಗಿಡಕ್ಕೆ ಎಲ್ಲಕ್ಕಿಂತ ಕೊರತೆ ಅದರದ್ದೇ. ಸಿಲಿಂಡರ್ ದುಬಾರಿ. ಎರಡು ಲೀಟರಿನ ಬಾಟಲಿಗೆ ಸಕ್ಕರೆ, ನೀರು, ಬ್ರೆಡ್ ಮಾಡುವ ಯೀಸ್ಟ್ ಹಾಕಿ, ಮುಚ್ಚಳಕ್ಕೆ ಪೈಪ್ ಕೂರಿಸಿ ಟ್ಯಾಂಕಿಗೆ ಬಿಟ್ಟೆ. ಮೂರನೇ ದಿನ ಮಧ್ಯಾಹ್ನ ರೋಟಾಲಾ ಎಲೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆ, ರಾಗಿಕಾಳಿಗಿಂತ ಚಿಕ್ಕವು, ಮೂಡಿ ಮೂಡಿ ಮೇಲಕ್ಕೆ ಏರುತ್ತಿದ್ದವು. ಗಿಡ ಬಿಡುವ ಆಮ್ಲಜನಕ ಅದು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆ ಖುಷಿಯಲ್ಲಿ ಮುಂದಿನ ಬಾಟಲಿಯನ್ನು ಕತ್ತಿನವರೆಗೂ ತುಂಬಿಸಿದೆ. ಇಡ್ಲಿ ಹಿಟ್ಟನ್ನು ಪಾತ್ರೆ ತುಂಬ ಇಟ್ಟರೆ ಬೆಳಿಗ್ಗೆ ಏನಾಗುತ್ತದೆ ಅಂತ ಗೊತ್ತಿದ್ದವನು ಹಾಗೆ ಮಾಡಬಾರದಿತ್ತು. ರಾತ್ರಿ ನೊರೆ ಉಕ್ಕಿ ಪೈಪಿನೊಳಗೆ ಹತ್ತಿತು. ಬೆಳಿಗ್ಗೆ ಟ್ಯಾಂಕಿನ ನೀರು ಗಂಜಿ, ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅರ್ಧ ನೀರು ಬದಲಿಸಿ, ಏರ್ ಪಂಪ್ ಹಾಕಿದರೂ ಎರಡು ನಿಯಾನ್ ಟೆಟ್ರಾ ಹೋದವು. ಮಾಡಲೇಬೇಕು ಅನ್ನುವವರು ಬಾಟಲಿ ಮುಕ್ಕಾಲಿಗಿಂತ ಕಡಿಮೆ ತುಂಬಿ. ಮಧ್ಯೆ ಇನ್ನೊಂದು ಚಿಕ್ಕ ಬಾಟಲಿ ಇಟ್ಟರೆ ಉಕ್ಕಿದ್ದು ಅಲ್ಲೇ ನಿಲ್ಲುತ್ತದೆ. ರಾತ್ರಿ ಹೊತ್ತು ಗಿಡಗಳೂ ಆಮ್ಲಜನಕ ಬಳಸುತ್ತವೆ, ಯೀಸ್ಟ್‌ಗೆ ಹಗಲು ರಾತ್ರಿ ಗೊತ್ತಿಲ್ಲ, ಹಾಗಾಗಿ ಲೈಟ್ ಆರಿದ ಮೇಲೆ ಏರ್ ಪಂಪ್ ಓಡಲಿ. ನಾನಂತೂ ಬಿಟ್ಟುಬಿಟ್ಟೆ. ಮಣ್ಣಿನ ತಳ ಇದ್ದರೆ ಅದೇ ಕೊಳೆಯುತ್ತಾ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಕೊಡುತ್ತಿರುತ್ತದೆ. ಕ್ರಿಪ್ಟ್, ವ್ಯಾಲಿಸ್ನೇರಿಯಾ, ಹೈಗ್ರೋಫಿಲಾಗಳಿಗೆ ಅಷ್ಟು ಸಾಕು.

ಒಂದು ವರ್ಷ ಆದ ಮೇಲೆ ಹೈಗ್ರೋಫಿಲಾದ ಹಳೇ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಶುರುವಾದವು. ಹಳೇ ಎಲೆ ಬಿಡಿ ಅಂತ ಈಗಷ್ಟೇ ಹೇಳಿದೆ, ಅಲ್ವಾ? ಇಲ್ಲಿ ಮಾತ್ರ ನೋಡಬೇಕು. ತೂತು ಬಿದ್ದರೆ ಸಾಮಾನ್ಯವಾಗಿ ಪೊಟ್ಯಾಷ್ ಕೊರತೆ. ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತಿರುತ್ತದೆ. ಕಬ್ಬಿಣ ಕಡಿಮೆಯಾದರೆ ಉಲ್ಟಾ, ಹೊಸ ಎಲೆಯೇ ಬಿಳಿಚಿಕೊಂಡು ಬರುತ್ತದೆ.

ಅಕ್ವೇರಿಯಂ ಅಂಗಡಿಯ ಸಣ್ಣ ಬಾಟಲಿಯ ಬೆಲೆ ನೋಡಿ, ಊರಿನ ಗೊಬ್ಬರದ ಅಂಗಡಿಗೆ ಹೋದೆ. ಡ್ರಿಪ್‌ನಲ್ಲಿ ಬಿಡುವ ನೀರಿನಲ್ಲಿ ಕರಗುವ ಗೊಬ್ಬರ ಕೇಳಿದೆ. 13:0:45, ಅಂದರೆ ಪೊಟ್ಯಾಷಿಯಂ ನೈಟ್ರೇಟ್. 20 ಗ್ರಾಂ ಅನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡೆ. ಅದರ 25 ಮಿಲಿಯಲ್ಲಿ ಒಂದು ಗ್ರಾಂ ಇರುತ್ತದೆ. 100 ಲೀಟರಿಗೆ ಹಾಕಿದರೆ ಲೀಟರಿಗೆ ಸುಮಾರು 6 ಮಿಲಿಗ್ರಾಂ ನೈಟ್ರೇಟ್ ಏರುತ್ತದೆ. ವಾರಕ್ಕೆ ಎರಡು ಸಲ ಹಾಕುತ್ತೇನೆ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ. ಪಕ್ಕದಲ್ಲೇ 19:19:19 ಚೀಲವೂ ಇರುತ್ತದೆ. ಅದು ಬೇಡ. ಅದರಲ್ಲಿ ಯೂರಿಯಾ, ಅಮೋನಿಯಾ ರೂಪದ ಸಾರಜನಕ ಇರುತ್ತದೆ, ಮೀನಿಗೆ ವಿಷ. ತೋಟಕ್ಕೆ ಹಾಕುವ ಸೂಕ್ಷ್ಮ ಪೋಷಕಾಂಶದ ಪುಡಿಯೂ ಬೇಡ, ತಾಮ್ರ ಇರುತ್ತದೆ, ಸಿಗಡಿ ಸಾಯುತ್ತವೆ. ಅದೊಂದನ್ನು ಅಕ್ವೇರಿಯಂಗೆ ಅಂತಲೇ ಮಾಡಿದ್ದನ್ನು ತೆಗೆದುಕೊಳ್ಳುತ್ತೇನೆ. ತೂತು ಬಿದ್ದ ಎಲೆ ಮತ್ತೆ ತುಂಬಿಕೊಳ್ಳಲಿಲ್ಲ, ತುಂಬಿಕೊಳ್ಳುವುದೂ ಇಲ್ಲ. ಮೇಲೆ ಬಂದ ಎಲೆಗಳು ಇಡಿಯಾಗಿ ಬಂದವು.

ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ 2024ರ ಬೇಸಿಗೆ ಬಂತು. ಬೆಂಗಳೂರಿನವರಿಗೆ ಆ ಮಾರ್ಚ್ ತಿಂಗಳನ್ನು ನೆನಪಿಸುವುದು ಬೇಡ. ನಮ್ಮ ಅಪಾರ್ಟ್‌ಮೆಂಟಿನ ಸಂಪ್‌ಗೆ ಕಾವೇರಿ ನೀರು ನಿಂತು ಟ್ಯಾಂಕರ್ ಬರತೊಡಗಿತು, ಕೊಳವೆಬಾವಿಯ ನೀರು. ನಾನು ಗಮನಿಸಲೇ ಇಲ್ಲ. ಎಂದಿನ ಹಾಗೆ ಭಾನುವಾರ ನೀರು ಬದಲಿಸಿದೆ. ಮುಂದಿನ ಶನಿವಾರದ ಹೊತ್ತಿಗೆ ಕ್ರಿಪ್ಟ್‌ಗಳೆಲ್ಲ ಮತ್ತೆ ಬೆಂದ ಪಾಲಕ್. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಪೆನ್ ಅದ್ದಿ ನೋಡಿದೆ. ಮೊದಲು 180ರ ಆಸುಪಾಸು ಇರುತ್ತಿದ್ದ ನಲ್ಲಿ ನೀರು 900 ದಾಟಿತ್ತು.

ವಿಚಿತ್ರ ಅಂದರೆ ವ್ಯಾಲಿಸ್ನೇರಿಯಾಕ್ಕೆ ಹಬ್ಬ. ಆದರೆ ಅದರ ಎಲೆಗಳ ಮೇಲೆ ಬಿಳಿ ಪುಡಿ ಕೂತಿತ್ತು. ಬೆರಳಲ್ಲಿ ಉಜ್ಜಿದರೆ ರಂಗೋಲಿ ಪುಡಿಯ ಹಾಗೆ ಗರಗರ. ಗಡಸು ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಗದಿದ್ದಾಗ ಇಂಥ ಗಿಡಗಳು ಬೈಕಾರ್ಬನೇಟಿನಿಂದಲೇ ಅದನ್ನು ಕಿತ್ತುಕೊಳ್ಳುತ್ತವೆ. ಉಳಿದ ಸುಣ್ಣ ಎಲೆಯ ಮೇಲೆ ಕೂರುತ್ತದೆ. ಕ್ರಿಪ್ಟ್‌ಗೆ ಗಡಸು ನೀರಿನಲ್ಲಿ ಬದುಕಲು ಬಾರದು ಅಂತಲ್ಲ. ನೀರು ದಿಢೀರನೆ ಬದಲಾಗುವುದು ಅದಕ್ಕೆ ಆಗುವುದಿಲ್ಲ.

ಈ ಸಲ ಗಾಬರಿಯಾಗಲಿಲ್ಲ. ಅಡುಗೆಮನೆಯ ಆರ್‌ಒ ಯಂತ್ರದ ಶುದ್ಧ ನೀರನ್ನು ಟ್ಯಾಂಕರ್ ನೀರಿಗೆ ಅರ್ಧಕ್ಕರ್ಧ ಬೆರೆಸಿ, ವಾರಕ್ಕೆ ಹತ್ತೇ ಲೀಟರ್ ಬದಲಿಸಿದೆ. ಮನೆಯಾಕೆ, "ರೀ, ಜನಕ್ಕೆ ಸ್ನಾನಕ್ಕೆ ನೀರಿಲ್ಲ, ನಿಮ್ಮ ಹುಲ್ಲಿಗೆ ಫಿಲ್ಟರ್ ನೀರಾ?" ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ತೆಗೆದ ನೀರನ್ನೆಲ್ಲ ಕರಿಬೇವು, ಮಲ್ಲಿಗೆ ಕುಂಡಗಳಿಗೆ ಹಾಕಿ ತೋರಿಸಿದ ಮೇಲೆ ಸ್ವಲ್ಪ ತಣ್ಣಗಾದಳು. ಏಪ್ರಿಲ್ ಕೊನೆಗೆ ಕ್ರಿಪ್ಟ್ ಬುಡದಲ್ಲಿ ಮತ್ತೆ ಆ ಕಂದು ಸುರುಳಿ ಬಂತು.

ಈಗ ಹದಿನೈದು ದಿನಕ್ಕೊಮ್ಮೆ ಹೈಗ್ರೋಫಿಲಾ ಕತ್ತರಿಸಬೇಕು, ಇಲ್ಲವಾದರೆ ಮುಚ್ಚಳ ಎತ್ತುತ್ತದೆ. ಕತ್ತರಿಸಿದ ತುದಿಗಳನ್ನು ಎದುರು ಮನೆಯ ಹುಡುಗ ಉಪ್ಪಿನಕಾಯಿ ಬಾಟಲಿಯಲ್ಲಿ ಒಯ್ಯುತ್ತಾನೆ. ಮೊನ್ನೆ ಓಡುತ್ತಾ ಬಂದ. "ಅಂಕಲ್, ಎಲ್ಲಾ ಎಲೆ ಕೊಳೀತಾ ಇದೆ, ಕಿತ್ತು ಹಾಕ್ಲಾ?"

ಎಷ್ಟು ದಿನ ಆಯ್ತು ಅಂತ ಕೇಳಿದೆ. ಎಂಟು ದಿನ ಅಂದ. ಟಾರ್ಚ್ ತೆಗೆದುಕೊಂಡು ಅವರ ಮನೆಗೆ ಹೋದೆ.